ಯಾವ ವರ್ಷದ ಟ್ಯಾಂಕು?

ಟಿ-55 ಟ್ಯಾಂಕಿನ ಫಿರಂಗಿ ಎಷ್ಟು ಮಿಲಿಮೀಟರಿನದು? ಯಾವ ಕೈಪಿಡಿ ತೆರೆದರೂ 100 ಎಂದಿರುತ್ತದೆ. ಭಾರತೀಯ ಸೇನೆಯ ಟಿ-55 ಎಂದು ಬಿಡಿಸಿ ಹುಡುಕಿದರೆ 105 ಎಂಬ ಉತ್ತರವೂ ಅಷ್ಟೇ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಎರಡೂ ಸುಳ್ಳಲ್ಲ. ಸೋವಿಯತ್ ಒಕ್ಕೂಟದಿಂದ ಬಂದಾಗ ಅದಕ್ಕಿದ್ದದ್ದು 100ರ ಫಿರಂಗಿ. ಬಾಂಗ್ಲಾ ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ನಮ್ಮವರು ಅದನ್ನು ಕಳಚಿ, ಬ್ರಿಟಿಷರ ಎಲ್-7 ಮಾದರಿಯ 105ರ ಫಿರಂಗಿ ಕೂರಿಸಿದರು. 1971ರ ಡಿಸೆಂಬರಿನ ಯುದ್ಧವನ್ನು ಆಟವಾಗಿ ಕಟ್ಟಲು ಹೊರಟವನು ತನ್ನ ಹಾಳೆಯಲ್ಲಿ 105 ಎಂದು ಬರೆದರೆ, ಆ ಚಳಿಗಾಲದಲ್ಲಿ ಯಾವ ಟಿ-55ರಲ್ಲೂ ಇಲ್ಲದ ಆಯುಧವನ್ನು ಆ ಯೋಧರ ಕೈಗಿಟ್ಟ ಹಾಗಾಗುತ್ತದೆ.

ನಾನು ಗೆಳೆಯರೊಂದಿಗೆ ಕೂತು ಕಟ್ಟುವುದು ಇಂಥ ಆಟಗಳನ್ನೇ. ಮೇಜಿನ ಮೇಲೊಂದು ನಕಾಶೆ, ಅದರ ಮೇಲೆ ಆರು ಮೂಲೆಯ ಮನೆಗಳು, ರಟ್ಟಿನ ಕಾಯಿಗಳು, ದಾಳ. ಒಂದೊಂದು ಕಾಯಿಯೂ ಒಂದೊಂದು ಟ್ಯಾಂಕ್ ತುಕಡಿ. ಎಷ್ಟು ದೂರಕ್ಕೆ ಹೊಡೆಯಬಲ್ಲದು, ಎಂಥ ಹೊಡೆತ ತಾಳಬಲ್ಲದು, ಒಂದು ನಡೆಗೆ ಎಷ್ಟು ಮನೆ ದಾಟಬಲ್ಲದು ಎಂಬುದನ್ನು ಕಾಯಿಯ ಮೂಲೆಯಲ್ಲಿ ಸಣ್ಣ ಅಂಕಿಯಲ್ಲಿ ಬರೆದಿರುತ್ತೇವೆ. ಪ್ರಷ್ಯಾದ ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ತನ್ನ ಆಟದ ನಿಯಮಗಳನ್ನು ಅಚ್ಚು ಹಾಕಿಸಿದಾಗ ಅಲ್ಲಿನ ಸೇನೆ ಅದನ್ನು ಅಧಿಕಾರಿಗಳ ಕಲಿಕೆಗೇ ತೆಗೆದುಕೊಂಡಿತು. ಆಗಿನಿಂದ ಇಂದಿನವರೆಗೆ ಈ ಆಟದ ಪ್ರಾಣವಿರುವುದು ಆ ಸಣ್ಣ ಅಂಕಿಗಳಲ್ಲಿ. ಅವು ತಪ್ಪಾದರೆ ನಕಾಶೆ ಎಷ್ಟು ಚೆಂದವಿದ್ದರೂ ಆಡುವವನಿಗೆ ಸಿಗುವುದು ಎಂದೂ ನಡೆಯದ ಯುದ್ಧ.

ಆ ಅಂಕಿ ಹುಡುಕುವ ಕೆಲಸ ನನಗೆ ಆಟಕ್ಕಿಂತ ಹೆಚ್ಚು ಹಿಡಿಸಿದೆ. ಹುಡುಕಿದಷ್ಟೂ ಗೊತ್ತಾಗುವುದೇನೆಂದರೆ, ಟ್ಯಾಂಕಿನ ಹೆಸರೊಂದನ್ನು ನೆಚ್ಚಿ ಏನೂ ಹೇಳಲಾಗದು. ಮೂರು ತಲೆಮಾರು ಬಾಳಿದ ತೊಟ್ಟಿಮನೆಯಲ್ಲಿ ಅಜ್ಜ ಹಾಕಿಸಿದ ಕಂಬ, ಅಪ್ಪ ಕೆಡವಿದ ಗೋಡೆ, ಮಗ ಎಬ್ಬಿಸಿದ ಕೋಣೆ ಎಲ್ಲ ಒಂದೇ ಸೂರಿನ ಕೆಳಗಿರುವಂತೆ, ಸೇನೆಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಟ್ಯಾಂಕಿನ ಎಂಜಿನ್ನು ಒಂದು ಕಾಲದ್ದು, ಫಿರಂಗಿ ಇನ್ನೊಂದು ಕಾಲದ್ದು, ದುರ್ಬೀನು ಮತ್ತೊಂದು ಕಾಲದ್ದು. ಆಟಕ್ಕೆ ಬೇಕಾದದ್ದು ಒಂದು ದಿನದ ಟ್ಯಾಂಕು.

1965ರ ಸೆಪ್ಟೆಂಬರಿನ ಅಸಲ್ ಉತ್ತರ್ ಕದನವನ್ನೇ ನೋಡಿ. ಪಂಜಾಬಿನ ಖೇಮ್ ಕರಣ್ ಬಳಿಯ ಹಳ್ಳಿ ಅದು. ಸೆಪ್ಟೆಂಬರ್ 8ರಿಂದ 10ರವರೆಗೆ ಪಾಕಿಸ್ತಾನದ ಒಂದನೇ ಆರ್ಮರ್ಡ್ ಡಿವಿಷನ್ ಅಲ್ಲಿ ಪ್ಯಾಟನ್ ಟ್ಯಾಂಕುಗಳೊಂದಿಗೆ ನುಗ್ಗಿತು. ನಮ್ಮ ಕಡೆ ನಾಲ್ಕನೇ ಮೌಂಟನ್ ಡಿವಿಷನ್ನು, ಜೊತೆಗೆ ಬ್ರಿಗೇಡಿಯರ್ ತ್ಯಾಗರಾಜ್ ಅವರ ಎರಡನೇ ಸ್ವತಂತ್ರ ಆರ್ಮರ್ಡ್ ಬ್ರಿಗೇಡು. ಬ್ರಿಗೇಡಿನ ಮೂರು ರೆಜಿಮೆಂಟುಗಳ ಕೈಯಲ್ಲಿ ಮೂರು ಬಗೆಯ ಟ್ಯಾಂಕು: ಮೂರನೇ ಕ್ಯಾವಲ್ರಿಯ ಬಳಿ ಬ್ರಿಟಿಷ್ ಸೆಂಚುರಿಯನ್, ಎಂಟನೇ ಕ್ಯಾವಲ್ರಿಯ ಬಳಿ ಫ್ರಾನ್ಸಿನ ಹಗುರ ಟ್ಯಾಂಕು ಎಎಂಎಕ್ಸ್-13, ಡೆಕ್ಕನ್ ಹಾರ್ಸ್ ಬಳಿ ಎರಡನೇ ಮಹಾಯುದ್ಧದ ಕಾಲದ ಷರ್ಮನ್. ನಾಲ್ಕನೇ ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಜೀಪಿನ ಮೇಲಿನ 106 ಮಿಲಿಮೀಟರಿನ ರಿಕಾಯಿಲ್‌ಲೆಸ್ ಗನ್ನಿನಿಂದ ಪ್ಯಾಟನ್‌ಗಳನ್ನು ಹೊಡೆದುರುಳಿಸಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದದ್ದು ಇದೇ ಕದನದಲ್ಲಿ. ಭಾರತದ ಲೆಕ್ಕದಂತೆ ಪಾಕಿಸ್ತಾನ ಅಲ್ಲಿ 97 ಟ್ಯಾಂಕು ಕಳೆದುಕೊಂಡಿತು. ಸಿಕ್ಕ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಎಂದೇ ಹೆಸರಾಯಿತು.

ನಮ್ಮ ಕಡೆಯ ಬರಹಗಳಲ್ಲಿ ಎಲ್ಲವೂ ಬರೀ ‘ಪ್ಯಾಟನ್’. ಆದರೆ ಅಲ್ಲಿದ್ದದ್ದು ಎಂ-47 ಮತ್ತು ಎಂ-48 ಎಂಬ ಎರಡು ಬೇರೆ ಯಂತ್ರಗಳು. ಎರಡಕ್ಕೂ 90 ಮಿಲಿಮೀಟರಿನ ಫಿರಂಗಿಯೇ. ಎಂ-47ರಲ್ಲಿ ಐದು ಜನ. ಚಾಲಕನ ಪಕ್ಕದಲ್ಲಿ ಕೂತವನು ಮುಂಬದಿಯ ಮೆಷಿನ್‌ಗನ್ ಹಿಡಿದಿರುತ್ತಾನೆ. ಎಂ-48ರಲ್ಲಿ ಆ ಆಸನವೂ ಇಲ್ಲ, ಆ ಗನ್ನೂ ಇಲ್ಲ, ನಾಲ್ಕೇ ಜನ. ಪದಾತಿದಳ ಹತ್ತಿರಕ್ಕೆ ಬಂದಾಗ ಯಾವ ಟ್ಯಾಂಕು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬ ನಿಯಮ ಬರೆಯುವಾಗ ಈ ಒಂದು ಆಸನ ಲೆಕ್ಕಕ್ಕೆ ಬರುತ್ತದೆ. ಫಿರಂಗಿ ಹೊತ್ತು ತಿರುಗುವ ಮೇಲ್ಭಾಗದ, ಎಂದರೆ ಟರೆಟ್ಟಿನ, ಆಕಾರವೂ ಬೇರೆ: ಎಂ-47ರದ್ದು ಉದ್ದನೆಯ, ಕಿರಿದಾದ, ಹಿಂದಕ್ಕೆ ಚಾಚಿದ ಟರೆಟ್ಟು, ಎಂ-48ರದ್ದು ಬೋಗುಣಿ ಮಗುಚಿದಂಥದ್ದು.

ಅಂತರ್ಜಾಲದಲ್ಲಿ ಎಂ-48 ಎಂದು ಹುಡುಕಿದವನ ಮುಂದೆ ಮೊದಲು ಬರುವುದು ಎಂ-48ಎ5 ಮಾದರಿಯ ವಿವರ. ಅದಕ್ಕೆ 105ರ ಫಿರಂಗಿ, ಡೀಸೆಲ್ ಎಂಜಿನ್ನು. ಆ ಮಾರ್ಪಾಡು ಅಮೆರಿಕದಲ್ಲೇ ಬಂದದ್ದು 1970ರ ದಶಕದ ನಡುವಿನಲ್ಲಿ. ಖೇಮ್ ಕರಣಿಗೆ ಬಂದ ಪ್ಯಾಟನ್ ಪೆಟ್ರೋಲಿನಲ್ಲಿ ಓಡುತ್ತಿತ್ತು. ಪೆಟ್ರೋಲು ಬೇಗ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಕೂತವನಿಗೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ. ಆಟದಲ್ಲಿ ಹೊಡೆತ ತಿಂದ ಟ್ಯಾಂಕು ಹೊತ್ತಿಕೊಂಡಿತೋ, ನಿಂತು ಹೋಯಿತೋ ಎಂದು ನೋಡಲು ನಾವು ಬೇರೆಯೇ ಒಂದು ದಾಳ ಹಾಕುತ್ತೇವೆ. ಅಲ್ಲಿ ಡೀಸೆಲ್ಲಿನ ಅಂಕಿ ಬರೆದರೆ ಪ್ಯಾಟನ್ನಿಗೆ ಇರದ ಆಯಸ್ಸು ಕೊಟ್ಟಂತೆ.

ಇಷ್ಟೆಲ್ಲ ಸರಿಯಾಗಿ ಬರೆದರೂ ಹಾಳೆಯ ಮೇಲೆ ಪ್ಯಾಟನ್ನೇ ಮೇಲು. ದೂರ ಅಳೆಯಲು ಅದರಲ್ಲಿ ಎರಡು ಕಣ್ಣಿನ ಸ್ಟೀರಿಯೋಸ್ಕೋಪಿಕ್ ಯಂತ್ರವಿತ್ತು. ನಮ್ಮ ಷರ್ಮನ್ನಿನಲ್ಲಿ ಗನ್ನರ್ ಕಣ್ಣಳತೆಯಲ್ಲೇ ದೂರ ಊಹಿಸಬೇಕಿತ್ತು. ಹಾಗಿದ್ದರೆ ಪ್ಯಾಟನ್ ಸೋತದ್ದು ಹೇಗೆ? ಉತ್ತರವಿರುವುದು ನೆಲದಲ್ಲಿ. ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಹರಿಸಿದ್ದರು. ಭಾರಿ ಟ್ಯಾಂಕುಗಳು ಕೆಸರಿನಲ್ಲಿ ಹೂತವು. ಸುತ್ತ ಸೆಪ್ಟೆಂಬರಿನ ಎತ್ತರದ ಕಬ್ಬು. ಅದರೊಳಗೆ ಲಾಳದ ಆಕಾರದಲ್ಲಿ ಹೊಂಚು ಹಾಕಿ ಕೂತಿದ್ದವು ನಮ್ಮ ಟ್ಯಾಂಕುಗಳು ಮತ್ತು ಗನ್ನುಗಳು. ದೂರ ಅಳೆಯುವ ಯಂತ್ರ ಕೆಲಸಕ್ಕೆ ಬರುವುದು ದೂರವಿದ್ದಾಗ. ಹತ್ತಿರದ ಕಬ್ಬಿನಿಂದ ಗುಂಡು ಬರುವಾಗ ಅದು ಬರೀ ಭಾರ. ಮೇಲಾಗಿ ಆ ಯಂತ್ರಕ್ಕೆ ಪಳಗಿದ ಕಣ್ಣು ಬೇಕು, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆದ್ದರಿಂದ ಪ್ಯಾಟನ್ನಿನ ಮೇಲುಗೈಯನ್ನು ನಾನು ದೂರದ ಮನೆಗಳಿಗೆ ಮಾತ್ರ ಬರೆಯುತ್ತೇನೆ, ಕಬ್ಬಿನ ಮನೆಗಳಲ್ಲಿ ನೋಟವನ್ನು ಒಂದೇ ಮನೆಗೆ ಕಟ್ಟುತ್ತೇನೆ. ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಸರಿಯಾಗಿ ಬರೆದಾಗ ನಮ್ಮ ಕಡೆಗೆ ಯಾವ ಕೊಡುಗೆಯನ್ನೂ ಕೊಡದೆ ಆಟ ತಾನೇ ಅಸಲ್ ಉತ್ತರಿನ ಕಡೆಗೆ ಹೊರಳುತ್ತದೆ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ.

ಷರ್ಮನ್ನಿನದು ಇನ್ನೂ ಜಟಿಲ. ಅದು ಎರಡೂ ಸೇನೆಗಳಲ್ಲಿತ್ತು. ಮೂಲ ಷರ್ಮನ್ನಿಗೆ ಅಮೆರಿಕದ 75 ಮಿಲಿಮೀಟರಿನ ಫಿರಂಗಿ, ಆಮೇಲೆ ಬಂದ ಮಾದರಿಗೆ 76. ಭಾರತ ತನ್ನ ಕೆಲವು ಷರ್ಮನ್‌ಗಳಿಗೆ ಎಎಂಎಕ್ಸ್-13ರಲ್ಲಿದ್ದ ಫ್ರೆಂಚ್ 75ರ ಫಿರಂಗಿಯನ್ನೂ, ಇನ್ನು ಕೆಲವಕ್ಕೆ ಸೋವಿಯತ್ ಪಿಟಿ-76ರ ಫಿರಂಗಿಯನ್ನೂ ಕೂರಿಸಿಕೊಂಡಿತು. ಹೀಗಾಗಿ ‘ಷರ್ಮನ್, 75 ಮಿಮೀ’ ಎಂಬ ಒಂದು ಸಾಲಿನಲ್ಲಿ ಎರಡು ಬೇರೆ ಆಯುಧಗಳು ಅಡಗಿರಬಹುದು. ಅಮೆರಿಕದ 75ರ ಗುಂಡು ಬಾಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 600 ಮೀಟರ್ ವೇಗ. ಫ್ರೆಂಚ್ 75ರದ್ದು ಸುಮಾರು 1000 ಮೀಟರ್. ಫ್ರೆಂಚರು ಆ ಫಿರಂಗಿಯನ್ನು ಜರ್ಮನಿಯ ಪ್ಯಾಂಥರ್ ಟ್ಯಾಂಕಿನದನ್ನು ನೋಡಿ ಬೆಳೆಸಿದ್ದರು. ಉಕ್ಕಿನ ಗಟ್ಟಿ ಗುಂಡು ಕವಚ ತೂರುವುದು ವೇಗದ ಬಲದಿಂದ. ನಳಿಗೆಯ ಅಗಲವೊಂದನ್ನೇ ನೋಡಿ ಅಂಕಿ ಬರೆಯುವವರು ಇಲ್ಲಿ ಎಡವುತ್ತಾರೆ.

ಎಎಂಎಕ್ಸ್-13 ಬಗ್ಗೆ ಒಂದು ಮಾತು. ಹದಿನೈದು ಟನ್ನಿನ ಆಸುಪಾಸಿನ ಈ ಸಣ್ಣ ಟ್ಯಾಂಕಿನಲ್ಲಿ ಗುಂಡು ತುಂಬುವ ಮನುಷ್ಯನಿಲ್ಲ. ಟರೆಟ್ಟಿನ ಹಿಂಬದಿಯಲ್ಲಿ ಆರಾರು ಗುಂಡಿನ ಎರಡು ಉರುಳೆಗಳಿವೆ, ಅವೇ ತುಂಬಿಕೊಡುತ್ತವೆ. ಹನ್ನೆರಡು ಗುಂಡು ಬಹಳ ಬೇಗ ಹೋಗುತ್ತವೆ. ಆಮೇಲೆ ಮರೆಗೆ ಸರಿದು, ಸಿಬ್ಬಂದಿ ಹೊರಗಿಳಿದು, ಉರುಳೆಗಳನ್ನು ಕೈಯಾರೆ ತುಂಬಬೇಕು. ಬೇಗ ಹೊಡೆಯುತ್ತದೆ ಎಂದು ಬಲ ಕೊಟ್ಟು, ಖಾಲಿಯಾದಾಗ ಹಿಂದಕ್ಕೆ ಸರಿಸುವ ನಿಯಮ ಬರೆಯದಿದ್ದರೆ ಆ ಕಾಯಿ ಎಎಂಎಕ್ಸ್ ಅಲ್ಲವೇ ಅಲ್ಲ.

ಸೆಂಚುರಿಯನ್ನಿಗೆ ಬಂದರೆ ಹೆಸರಿನ ಬಾಲದಲ್ಲೇ ಎಲ್ಲ ಇರುತ್ತದೆ. ಮಾರ್ಕ್ 7 ಎಂದರೆ ಇಪ್ಪತ್ತು ಪೌಂಡಿನ ಗುಂಡಿನ ಫಿರಂಗಿ, ಮಿಲಿಮೀಟರಿನಲ್ಲಿ ಸುಮಾರು 84. 7/1 ಎಂದರೆ ಕವಚ ದಪ್ಪಗಾಗಿದೆ. 7/2 ಎಂದರೆ ಫಿರಂಗಿ 105 ಆಗಿದೆ. ಒಂದು ಅಡ್ಡಗೆರೆಯ ಆಚೆಗಿನ ಅಂಕಿ ಟ್ಯಾಂಕನ್ನೇ ಬದಲಿಸುತ್ತದೆ. 1965ರ ಸೆಪ್ಟೆಂಬರ್ 11ರಂದು ಫಿಲ್ಲೋರಾದಲ್ಲಿ ಪೂನಾ ಹಾರ್ಸ್ ಪಡೆಯ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಪ್ಯಾಟನ್‌ಗಳನ್ನು ಎದುರಿಸಿದ್ದು ಇಪ್ಪತ್ತು ಪೌಂಡಿನ ಫಿರಂಗಿಯಿಂದ. ಐದು ದಿನ ಬಿಟ್ಟು, 16ರಂದು ಅವರು ವೀರಮರಣ ಹೊಂದಿದರು. ಆ ಕಾಯಿಗೆ 105 ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಈಗ ಮತ್ತೆ ಟಿ-55. 1965ರ ನಂತರ ಪಾಕಿಸ್ತಾನ ಚೀನಾದಿಂದ ಟೈಪ್ 59 ತರಿಸಿಕೊಂಡಿತು. ಅದು ಸೋವಿಯತ್ ಟಿ-54ರ ಚೀನೀ ಅಚ್ಚು. ನಮ್ಮಲ್ಲಿ ಟಿ-54, ಟಿ-55 ಎರಡೂ ಇದ್ದವು. 1971ರಲ್ಲಿ ಎರಡು ಸೇನೆಗಳೂ ಒಂದೇ ಚಹರೆಯ ಟ್ಯಾಂಕು ಹತ್ತಿ ಎದುರುಬದುರಾದವು. ಒಳಗೆ ವ್ಯತ್ಯಾಸ ಬೇಕಾದಷ್ಟಿತ್ತು. ಟಿ-54ರಲ್ಲಿ 34 ಗುಂಡು, 520 ಅಶ್ವಶಕ್ತಿ. ಟಿ-55ರಲ್ಲಿ 43 ಗುಂಡು, 580 ಅಶ್ವಶಕ್ತಿ. ಓಡುತ್ತಿರುವಾಗ ಫಿರಂಗಿ ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್ ಟಿ-55ರಲ್ಲಿ ಮೇಲೆ-ಕೆಳಗೆ, ಅಡ್ಡಕ್ಕೆ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಮೊದಲ ಟೈಪ್ 59ರಲ್ಲಿ ಅದು ಇರಲೇ ಇಲ್ಲ, ರಾತ್ರಿ ನೋಡುವ ಇನ್‌ಫ್ರಾರೆಡ್ ಸಾಧನವೂ ಇರಲಿಲ್ಲ. ದೂಳಿನಲ್ಲಿ ಮಾತ್ರ ಇದ್ಯಾವುದೂ ಕಾಣದು. ಕಾಣುವುದು ದುಂಡು ಟರೆಟ್ಟು, ಉದ್ದ ನಳಿಗೆ ಅಷ್ಟೆ. ನಮ್ಮವರೇ ನಮ್ಮವರನ್ನು ಹೊಡೆಯಬಾರದಲ್ಲ!

ಅದಕ್ಕೆ ಭಾರತೀಯರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಗುಂಡು ಹಾರಿದ ಮೇಲೆ ನಳಿಗೆಯಲ್ಲಿ ಉಳಿದ ಹೊಗೆ ಟರೆಟ್ಟಿನೊಳಗೆ ಬರದಂತೆ ಹೊರಕ್ಕೆಳೆಯುವ ಒಂದು ಉಬ್ಬು ಕೊಳವೆ ನಳಿಗೆಯ ಮೇಲಿರುತ್ತದೆ. ಟಿ-55ರಲ್ಲೂ ಟೈಪ್ 59ರಲ್ಲೂ ಅದು ಬಾಯಿಯ ತುದಿಯಲ್ಲಿದೆ. ಎಲ್-7 ಮಾದರಿಯ 105ರಲ್ಲಿ, ಎಂದರೆ ಆವಡಿಯಲ್ಲಿ ತಯಾರಾದ ನಮ್ಮ ವಿಜಯಂತದಲ್ಲಿ, ಅದು ನಳಿಗೆಯ ನಡುಭಾಗದಲ್ಲಿದೆ. ನಮ್ಮವರು ಟಿ-55ರ ನಳಿಗೆಯ ನಡುವೆ ಒಂದು ಸುಳ್ಳು ಉಬ್ಬು ಕಟ್ಟಿದರು. ಹೊಗೆಗೂ ಅದಕ್ಕೂ ಸಂಬಂಧವಿಲ್ಲ; ಅದು ಬರೀ ಗುರುತು. ನಡುವೆ ಉಬ್ಬಿದ್ದರೆ ನಮ್ಮದು, ಇಲ್ಲದಿದ್ದರೆ ಅವರದು.

ಈಗ 1971ರ ಚಿತ್ರ ಹಿಡಿದು ಕೂತ ಸಂಶೋಧಕನ ಪಾಡು ನೋಡಿ. ನಳಿಗೆಯ ನಡುವೆ ಉಬ್ಬು ಕಾಣುತ್ತದೆ. ಆಮೇಲೆ 105 ಕೂರಿಸಿದ ಟಿ-55ಗೂ ನಡುವೆಯೇ ಉಬ್ಬು. ಹಾಗಾದರೆ 1971ರಲ್ಲೇ 105 ಇತ್ತು ಎಂದು ಅವನು ನಿರ್ಧರಿಸಿದರೆ ತರ್ಕ ತಪ್ಪೆನ್ನುವಂತಿಲ್ಲ, ಉತ್ತರ ಮಾತ್ರ ತಪ್ಪು. ನೋಡಬೇಕಾದದ್ದು ನಳಿಗೆಯ ತುದಿಯನ್ನು. ತುದಿಯಲ್ಲೂ ಒಂದು, ನಡುವೆಯೂ ಒಂದು ಎಂದು ಎರಡು ಉಬ್ಬು ಕಂಡರೆ ಅದು 100ರ ಫಿರಂಗಿ, ನಡುವಿನದು ಗುರುತಿಗೆ ಕಟ್ಟಿದ್ದು. ನಡುವೆ ಒಂದೇ ಇದ್ದರೆ ಆಮೇಲಿನ 105. ಮಡಿಕೇರಿಯ ಸನ್ನಿಸೈಡ್, ಎಂದರೆ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ, 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲೂ ಒಂದು ಟಿ-55 ಇದೆ. ಅಂಥ ಟ್ಯಾಂಕಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವವರು ಒಮ್ಮೆ ನಳಿಗೆಯ ಉದ್ದಕ್ಕೂ ಕಣ್ಣಾಡಿಸಲಿ. ಯುದ್ಧ ಕಂಡ ಟ್ಯಾಂಕೇ ಆದರೂ ಅಲ್ಲಿ ನಿಂತಿರುವುದು ಸೇನೆಯಿಂದ ನಿವೃತ್ತಿಯಾದ ದಿನದ ಅದರ ರೂಪ, ಯುದ್ಧದ ದಿನದ್ದಲ್ಲ.

ಗಡಿಯಾಚೆಯೂ ಹೀಗೆಯೇ. ಅದೇ ಟೈಪ್ 59 ಮುಂದೆ 105ರ ಫಿರಂಗಿ ಪಡೆಯಿತು. ಅಲ್ ಜರಾರ್ ಎಂಬ ಹೆಸರಿನಲ್ಲಿ 125ರದನ್ನೂ ಪಡೆಯಿತು.

ಪುಸ್ತಕ, ಚಿತ್ರಗಳಿಂದ ಸಿಗದ್ದೂ ಇದೆ. ಟಿ-54ರಲ್ಲಿ ಕೆಲಸ ಮಾಡಿದ ಒಬ್ಬ ನಿವೃತ್ತ ದಫೇದಾರರನ್ನು ನಾನು ಅದರೊಳಗಿನ ಗುಂಡು ತುಂಬುವ ಕೆಲಸದ ಬಗ್ಗೆ ಕೇಳಿದ್ದೆ. ಗುಂಡೊಂದು ಸುಮಾರು ಮೂವತ್ತು ಕಿಲೋ. ತುಂಬುವವನು ಫಿರಂಗಿಯ ಬಲಕ್ಕಿರುತ್ತಾನೆ, ಒಳಕ್ಕೆ ನೂಕುವುದು ಎಡಗೈಯಲ್ಲಿ. ಟರೆಟ್ಟಿನೊಂದಿಗೆ ತಿರುಗುವ ನೆಲ ಟಿ-54ರಲ್ಲಿಲ್ಲ. ಟರೆಟ್ಟು ಸುತ್ತಿದರೆ ಫಿರಂಗಿಯ ಹಿಂಬದಿಯ ಜೊತೆಗೆ ಇವನೂ ಹೆಜ್ಜೆ ಹಾಕಬೇಕು. “ನೋಡಪ್ಪಾ, ನಿಂತು ಹೊಡೆಯೋದೇ ಬೇರೆ, ತಿರುಗ್ತಾ ಹೊಡೆಯೋದೇ ಬೇರೆ. ನಿಮ್ ಆಟದಲ್ಲಿ ಅದನ್ನ ಹಾಕಿ” ಎಂದರು. ಹಾಕಿದ್ದೇವೆ. ಟರೆಟ್ಟು ತಿರುಗಿಸಿದ ನಡೆಯಲ್ಲಿ ಟಿ-54ಗೆ ಹೊಡೆತ ಒಂದು ಕಡಿಮೆ. ನಳಿಗೆಯನ್ನು ಕೆಳಕ್ಕೆ ಬಾಗಿಸುವುದರಲ್ಲೂ ಹಾಗೆ: ಸೆಂಚುರಿಯನ್ ಹತ್ತು ಡಿಗ್ರಿ ಬಾಗಿಸಬಲ್ಲದು, ತಗ್ಗು ಸೂರಿನ ಟಿ-55 ಅದರ ಅರ್ಧದಷ್ಟು. ಕಾಲುವೆಯ ಏರಿಯ ಹಿಂದೆ ಮೈ ಮರೆಸಿ, ತಲೆ ಮಾತ್ರ ಹೊರಗಿಟ್ಟು ಹೊಡೆಯುವಾಗ ಈ ಐದು ಡಿಗ್ರಿ ಜೀವ ಉಳಿಸುತ್ತದೆ.

ಪೂರ್ವ ಪಾಕಿಸ್ತಾನದಲ್ಲಿ ಕಥೆ ಬೇರೆ. 1971ರ ನವೆಂಬರ್ 20 ಮತ್ತು 21ರಂದು ಗರೀಬ್‌ಪುರದಲ್ಲಿ 45ನೇ ಕ್ಯಾವಲ್ರಿಯ ಹದಿನಾಲ್ಕು ಪಿಟಿ-76 ಟ್ಯಾಂಕುಗಳು, 14ನೇ ಪಂಜಾಬ್ ಪದಾತಿದಳದೊಂದಿಗೆ, ಪಾಕಿಸ್ತಾನದ ಚಾಫಿ ಎಂಬ ಅಮೆರಿಕನ್ ಹಗುರ ಟ್ಯಾಂಕುಗಳನ್ನು ಎದುರಿಸಿದವು. ಪಿಟಿ-76 ನದಿಯಲ್ಲಿ ಈಜುವ ಟ್ಯಾಂಕು. ಈಜಲೆಂದೇ ಅದರ ಕವಚ ತೆಳು. ಚಾಫಿಯ 75 ಅಮೆರಿಕದ ಹಳೆಯ, ನಿಧಾನದ 75. ಎರಡೂ ಕಡೆ ಯಾರ ಗುಂಡು ಮೊದಲು ತಗುಲಿದರೂ ಎದುರಿನವನು ಉಳಿಯುವುದಿಲ್ಲ. ಬೆಳಗಿನ ಮಂಜು ಬೇರೆ. ಸ್ಕ್ವಾಡ್ರನ್ ನಡೆಸಿದ ಮೇಜರ್ ದಲ್ಜಿತ್ ಸಿಂಗ್ ನಾರಗ್ ಅಲ್ಲೇ ಮಡಿದರು. ಚಾಫಿಗಳ ದಂಡು ಮುರಿದುಬಿತ್ತು. ಈ ಕದನಕ್ಕೆ ನಾನು ಟ್ಯಾಂಕುಗಳ ಅಂಕಿಗಿಂತ ಮಂಜಿನ ನಿಯಮಕ್ಕೆ ಹೆಚ್ಚು ಹೊತ್ತು ಕೊಟ್ಟೆ.

ಒಂದು ಆಟಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ಉತ್ತರ. ಹಳೆಯ ಷರ್ಮನ್ನಿನಲ್ಲಿ ಕೂತು, ಮೂರು ಮೀಟರಿಗೂ ಎತ್ತರದ ಪ್ಯಾಟನ್ ಕಬ್ಬು ಸೀಳಿಕೊಂಡು ಬರುವುದನ್ನು ಕಾದವನ ಎದೆಗಾರಿಕೆ ತಿಳಿಯುವುದು ಅವನ ಕೈಯಲ್ಲಿದ್ದದ್ದು ಏನು, ಇಲ್ಲದ್ದು ಏನು ಎಂದು ತಿಳಿದಾಗ. ಕಾಯಿಯ ಮೇಲಿನ ಅಂಕಿಯನ್ನು ನಾವು ಉಬ್ಬಿಸಿದರೆ ಅವನ ಸಾಹಸ ಕುಗ್ಗುತ್ತದೆ. ಎದುರಾಳಿಯ ಅಂಕಿ ಕುಗ್ಗಿಸಿದರೂ ಅಷ್ಟೆ. ಅದಕ್ಕೇ ಗುರ್ಚರಣ್ ಸಿಂಗ್ ಸಂಧು ಅವರು ಬರೆದ ಭಾರತೀಯ ಆರ್ಮರ್ಡ್ ಕೋರಿನ ಇತಿಹಾಸದ ಪಕ್ಕದಲ್ಲೇ 1965ರ ಯುದ್ಧದ ಬಗ್ಗೆ ಪಾಕಿಸ್ತಾನದ ಶೌಕತ್ ರಿಜಾ ಬರೆದದ್ದನ್ನೂ ಇಟ್ಟುಕೊಂಡು ಓದಬೇಕು. ಒಂದೇ ದಿನದ ಒಂದೇ ಹೊಲ ಎರಡೂ ಕಡೆಯಿಂದ ಕಂಡಾಗ ಅಂಕಿ ನಿಲ್ಲುವ ಜಾಗಕ್ಕೆ ಬಂದು ನಿಲ್ಲುತ್ತದೆ.

ಇನ್ನೊಂದು ಕೋರಿಕೆ ಉಳಿದಿದೆ. ಟ್ಯಾಂಕ್ ರೆಜಿಮೆಂಟುಗಳಲ್ಲಿ ದುಡಿದವರು ಕೊಡಗಿನಲ್ಲಿದ್ದಾರೆ, ಹಾಸನ, ಬೆಳಗಾವಿ, ಧಾರವಾಡದ ಕಡೆಯೂ ಇದ್ದಾರೆ. ಅವರ ಮನೆಗಳಲ್ಲಿ ಟ್ಯಾಂಕಿಗೆ ಒರಗಿ ತೆಗೆಸಿಕೊಂಡ ಕಪ್ಪು-ಬಿಳುಪು ಚಿತ್ರಗಳಿವೆ. ಅಂಥದ್ದೊಂದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಅಜ್ಜನೋ ದೊಡ್ಡಪ್ಪನೋ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ: ಯಾವ ಊರು, ಯಾವ ವರ್ಷ, ಯಾವ ರೆಜಿಮೆಂಟು? ಕೇಳಿದ್ದನ್ನು ಚಿತ್ರದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಪೆನ್ನಿನ ಮಸಿ ಮುಂದಕ್ಕೆ ಸೋರುತ್ತದೆ.